ಇಪ್ಪತ್ತಮೂರನೇ ಮನೆ

ಮೂಡುಬಿದಿರೆ
12 ಫೆಬ್ರವರಿ 2025

ಅಪ್ಪಾ,

ಫೋನ್ ಮಾಡುವುದು ಬಿಟ್ಟು ಇವಳು ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡಿ. ಲೈನ್‌ಮ್ಯಾನ್ ಶೀನಪ್ಪನ ನಂಬರು ಇಲ್ಲದ ಮನೆ ವಾಮದಪದವಿನಿಂದ ವೇಣೂರಿನವರೆಗೆ ಒಂದೂ ಇಲ್ಲ. ನಾನು ಮಾಡಿದಾಗಲೆಲ್ಲ ಬ್ಯುಸಿ. ಸಿಕ್ಕಿದರೂ, "ಇಡು ಮಗಾ, ಯಾರದ್ದೋ ಕರೆಂಟ್ ಹೋಗಿದೆಯಂತೆ" ಎಂದು ಇಟ್ಟುಬಿಡುತ್ತೀರಿ. ಬಸ್ಸಿನ ಕಂಡಕ್ಟರ್ ಹಕೀಮಣ್ಣನ ಕೈಯಲ್ಲಿ ಅಮ್ಮ ಕಳಿಸುವ ಚೀಲ ಹೇಗೂ ಖಾಲಿಯಾಗಿ ಹಿಂದೆ ಬರುತ್ತದೆ. ಅದರೊಳಗೆ ಈ ಕಾಗದ ಇಟ್ಟಿದ್ದೇನೆ.

ವಿಷಯ ಒಂದು ಸಹಿ ಮತ್ತು ಒಂದು ಸೀಲಿನದು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಡಿಗ್ರಿ ಸಿಗಬೇಕಾದರೆ ನಾಲ್ಕು ವರ್ಷಕ್ಕೆ ನೂರ ಅರವತ್ತು ಕ್ರೆಡಿಟ್ ಆಗಬೇಕು. ಅದು ಪರೀಕ್ಷೆ ಬರೆದರೆ ಬರುತ್ತದೆ, ನನಗೆ ಇಲ್ಲಿಯವರೆಗೆ ಒಂದು ಪೇಪರೂ ಉಳಿದಿಲ್ಲ. ಅದರ ಹೊರಗೆ ನೂರು ಆಕ್ಟಿವಿಟಿ ಪಾಯಿಂಟ್ ಬೇಕು. ಊರಿಗೆ ಉಪಕಾರವಾಗುವ ಕೆಲಸ ಮಾಡಿ, ಅದಕ್ಕೆ ಯಾರಾದರೂ ಅಧಿಕಾರಿಯ ಸಹಿ ತಂದರೆ ಪಾಯಿಂಟ್ ಕೊಡುತ್ತಾರೆ. ಇದಕ್ಕೆ ಮಾರ್ಕಿಲ್ಲ, ಪಾಸು ಫೇಲಿಲ್ಲ. ಆದರೆ ನೂರು ತುಂಬದಿದ್ದರೆ ಕ್ರೆಡಿಟ್ ಎಷ್ಟಿದ್ದರೂ ಸರ್ಟಿಫಿಕೇಟ್ ಕೈಗೆ ಬರುವುದಿಲ್ಲ. ನನ್ನಲ್ಲಿ ಅರವತ್ತು ಉಂಟು.

ಉಳಿದ ನಲವತ್ತಕ್ಕಾಗಿ, ಕ್ರಿಸ್ಮಸ್ ರಜೆಯಲ್ಲಿ ವೇಣೂರಿನ ಚಿಕ್ಕಮ್ಮನ ಮನೆಯಲ್ಲಿದ್ದೆನಲ್ಲ, ಆಗ ನಿಮ್ಮ ಸೆಕ್ಷನ್ನಿನ ನಲವತ್ತು ಮನೆಗಳ ಅರ್ತಿಂಗ್, ಶಾಕ್ ಹೊಡೆಯದ ಹಾಗೆ ನೆಲಕ್ಕೆ ವಯರು ಕೊಟ್ಟಿದ್ದಾರಾ ಎಂದು ನೋಡಿ ಪಟ್ಟಿ ಮಾಡಿದ್ದೇನೆ. ಪಟ್ಟಿ ಇದರ ಜೊತೆಗೆ ಉಂಟು. ನಿಮ್ಮ ಸೆಕ್ಷನ್ ಆಫೀಸರಲ್ಲಿ ಹೇಳಿ ಸಹಿ ಹಾಕಿಸಿ ಕಳಿಸುತ್ತೀರಾ? ಇಪ್ಪತ್ತೆಂಟನೇ ತಾರೀಕಿನೊಳಗೆ ಕೊಡಬೇಕು.

ಇನ್ನೊಂದು. ಏಳನೇ ಸೆಮಿಸ್ಟರಿಗೆ ಯಾವ ಗುಂಪಿನ ವಿಷಯ ಆರಿಸುತ್ತೀರಿ ಎಂದು ರಶೀನಾ ಮೇಡಂ ಈಗಿನಿಂದಲೇ ಕೇಳುತ್ತಿದ್ದಾರೆ. ನಾಲ್ಕು ಗುಂಪು. ಪವರ್ ಸಿಸ್ಟಂ ಮತ್ತು ಪ್ರೊಟೆಕ್ಷನ್, ಆಟೊಮೇಷನ್, ಎಲೆಕ್ಟ್ರಿಕ್ ವಾಹನ, ಎಂಬೆಡೆಡ್. ನಿಮಗೆ ಏನನ್ನಿಸುತ್ತದೆ?

ಇನ್ನೂ ಇಂಜಿನಿಯರ್ ಆಗದ ನಿಮ್ಮ ಇಂಜಿನಿಯರ್,
ದೀಪಾ


ವಾಮದಪದವು
20 ಫೆಬ್ರವರಿ 2025

ಮಗಳು ದೀಪಳಿಗೆ,

ಮೂರು ದಿನದಿಂದ ಲೈನೂ ನಾವೂ ಟ್ರಿಪ್ ಆಗದೆ ಇದ್ದೇವೆ. ನಿನ್ನ ಕಾಗದ ಸಿಕ್ಕಿತು. ಮನೆಗೆ ಕಾಗದ ಬಂದು ಎಷ್ಟು ವರ್ಷ ಆಯಿತೋ, ನಿನ್ನ ಅಮ್ಮ ಅದನ್ನು ದೇವರ ಫೋಟೋದ ಹತ್ತಿರ ಇಟ್ಟಿದ್ದಾಳೆ.

ಸಹಿ ಆಯಿತು, ಸೀಲೂ ಆಯಿತು. ಪಟ್ಟಿಯನ್ನು ನಾನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ. ನಲವತ್ತು ಮನೆ, ನಲವತ್ತು ಆರ್.ಆರ್. ನಂಬರು, ಎದುರಿಗೆ ನಿನ್ನ ಮುದ್ದಾದ ಅಕ್ಷರ. ಫಾರ್ಮಿನಲ್ಲಿ "ಇದೆ / ಇಲ್ಲ" ಎಂದು ಅಚ್ಚಾಗಿದ್ದರೆ ನೀನು ಅದನ್ನು ಹೊಡೆದು "ಸರಿ ಉಂಟು" ಎಂದು ಬರೆದಿದ್ದೀ. ಆಫೀಸರ್ ಮೈಸೂರು ಕಡೆಯವರು, ನಕ್ಕರು. ಮತ್ತೆ, "ಮಗಳು ನಿಜವಾಗಿ ಹೋಗಿದ್ದಾಳಾ ಶೀನಪ್ಪ? ಇಂಥದ್ದರಲ್ಲಿ ಮಕ್ಕಳು ಕೂತಲ್ಲೇ ಬರೀತಾರೆ" ಎಂದು ಕೇಳಿದರು. ನಾನು ಹೇಳಿದೆ, "ಸರ್, ಅವಳು ನನ್ನ ಮಗಳು. ನಾನು ಗ್ಯಾರಂಟಿ." ಅವರು ಸೀಲು ಒತ್ತಿದರು.

ಯಾವ ಗುಂಪು ಎಂದು ಕೇಳಿದ್ದೀ. ಕಂಬ ಹತ್ತುವವನಲ್ಲಿ ವಿಮಾನದ ದಾರಿ ಕೇಳಿದ ಹಾಗಾಯಿತು. ನನಗೆ ಗೊತ್ತಿರುವುದು ಮೊದಲನೆಯದು ಒಂದೇ, ಅದೂ ಬುಡದಿಂದ ನೋಡಿ. ನಿನಗೆ ಯಾವುದರಲ್ಲಿ ಪ್ರಶ್ನೆ ಹುಟ್ಟುತ್ತದೋ ಅದನ್ನು ಹಿಡಿ. ನನ್ನಲ್ಲಿ ಇಷ್ಟೇ ಉಂಟು.

ಅಮ್ಮ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಕಳಿಸಿದ್ದಾಳೆ. ಅದು ಅಜ್ಜಿಯ ಕಾಲದ್ದು. ಎಲ್‌ಸಿ ಕಾನೂನು ನೆನಪಿರಲಿ, ತೆಗೆದವರೇ ರಿಟರ್ನ್ ಮಾಡಬೇಕು. ಸಣ್ಣವಳಿರುವಾಗ ನೀನು ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಲೈನ್ ಕ್ಲಿಯರ್ ತೆಗೆದುಕೊಂಡರೆ ಸಬ್‌ಸ್ಟೇಷನ್ನಿನವರು ಲೈನ್ ಬಂದ್ ಮಾಡುತ್ತಾರೆ, ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಅವನ ಬಾಯಿಯಿಂದಲೇ ಹೇಳಬೇಕು, "ಜನ ಇಳಿದಿದ್ದಾರೆ, ಸಾಮಾನು ತೆಗೆದಿದ್ದೇವೆ, ಲೈನ್ ಚಾರ್ಜ್ ಮಾಡಬಹುದು." ಅವನ ಅಣ್ಣ ತಮ್ಮ ಹೇಳಿದರೂ ಆಗುವುದಿಲ್ಲ. ಹಾಗಾಗಿ ಭರಣಿ ನೀನೇ ತಾ. ಇಪ್ಪತ್ತೈದು ಕಿಲೋಮೀಟರ್ ಬರಲಿಕ್ಕೆ ಎಂಥ ಮುಹೂರ್ತ ನೋಡುವುದು?

ಕಂಬದಿಂದ ಇಳಿದು ಬರೆದ,
ಅಪ್ಪ


ಮೂಡುಬಿದಿರೆ
18 ಮಾರ್ಚ್ 2025

ಅಪ್ಪಾ,

ಪಾಯಿಂಟ್ ನೂರು ಆಯಿತು. ಮೇಡಂ ಪಟ್ಟಿ ತಿರುಗಿಸಿ ನೋಡಿ, "ಒಳ್ಳೆಯ ಕೆಲಸ" ಎಂದರು. ಧರ್ಣಪ್ಪ ಮಾಮನ ಚಾದ ಅಂಗಡಿಯಲ್ಲಿ ನೀವು ಎಲ್ಲರಿಗೂ ಲಡ್ಡು ಹಂಚಿದಿರಂತೆ, ಹಕೀಮಣ್ಣ ಹೇಳಿದರು. ಅಷ್ಟೆಲ್ಲ ಯಾಕೆ ಮಾಡಿದಿರಿ? ಪಾಯಿಂಟ್ ಎಲ್ಲರಿಗೂ ಆಗುತ್ತದೆ.

ಗುಂಪಿನ ವಿಷಯ, ನಾನು ಎಂಬೆಡೆಡ್ ಬರೆದುಕೊಟ್ಟಿದ್ದೇನೆ. ಅದರಲ್ಲಿ ಚಿಪ್ಪು, ಬೋರ್ಡು, ಕೋಡು, ಎಲ್ಲ ಮೇಜಿನ ಮೇಲಿನ ಕೆಲಸ. ಪವರ್ ಗುಂಪಿಗೆ ನಮ್ಮ ಕ್ಲಾಸಿನಲ್ಲಿ ಒಂಬತ್ತು ಜನ ಮಾತ್ರ. ಕೆಲಸ ಸಿಗುವುದು ಕಷ್ಟವಂತೆ. ಅದು ಬಿಟ್ಟು ಬೇರೆ ಕಾರಣ ಇಲ್ಲ.

ಯುಗಾದಿಗೆ ಬರುವುದಿಲ್ಲ, ಇಂಟರ್ನಲ್ಸ್ ಉಂಟು. ಭರಣಿ ಖಾಲಿಯಾಗಿದೆ, ಹಕೀಮಣ್ಣನ ಕೈಯಲ್ಲಿ ಕಳಿಸಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. "ಶೀನಪ್ಪಣ್ಣ ಬೇಡ ಹೇಳಿದ್ದಾರೆ ಮಾರಾಯ್ತಿ, ಮಗಳೇ ತರಬೇಕಂತೆ" ಎಂದರು. ಏನು ಹಟ ಅಪ್ಪಾ ನಿಮ್ಮದು.

ದೀಪಾ


ವಾಮದಪದವು
16 ಜೂನ್ 2025

ದೀಪಾ,

ಇದನ್ನು ಬರೆಯಲಿಕ್ಕೆ ಎರಡು ದಿನ ತೆಗೆದುಕೊಂಡಿದ್ದೇನೆ.

ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ವೇಣೂರು ಬದಿಯಿಂದ ಫೋನ್ ಬಂತು. ಹೊಳೆಬದಿಯ ಪದ್ಮಾಕ್ಷಿ ಎಂಬ ಹೆಂಗಸಿಗೆ ವಾಷಿಂಗ್ ಮೆಷಿನ್ನಿನಲ್ಲಿ ಶಾಕ್ ಹೊಡೆದಿದೆ. ಹಿಂದಿನ ದಿನ ಜೋರು ಮಳೆ, ಹಿತ್ತಲಿನ ಕಲ್ಲು ಒದ್ದೆ. ಬರಿಗಾಲಲ್ಲಿ ನಿಂತು ಮೆಷಿನ್ ಮುಟ್ಟಿದ್ದಾರೆ. ಎತ್ತಿ ಎಸೆದಿದೆ. ದೇವರು ದೊಡ್ಡವನು, ಹಿಡಿದುಕೊಳ್ಳಲಿಲ್ಲ. ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ, ಎರಡು ಬೆರಳು ಸುಟ್ಟಿದೆ.

ನಾನೇ ಹೋಗಿ ನೋಡಿದೆ. ಎರಡು ವರ್ಷದ ಹಿಂದೆ ಹೊಸ ಬಚ್ಚಲು ಕಟ್ಟಿಸುವಾಗ ಅರ್ತಿಂಗ್ ಪೈಪು ಕಿತ್ತು ಹಾಕಿದ್ದಾರೆ. ಮೀಟರ್ ಬೋರ್ಡಿನಿಂದ ಇಳಿದ ವಯರು ಗೋಡೆಯ ಮಧ್ಯದವರೆಗೆ ಬಂದು ಅಲ್ಲಿಗೇ ನಿಂತಿದೆ. ಕಣ್ಣಿದ್ದವರಿಗೆ ಅಂಗಳದಿಂದಲೇ ಕಾಣುತ್ತದೆ. ಹೊಸ ಪೈಪು ಹುಗಿದು ವಯರು ಕೊಟ್ಟು ಬಂದಿದ್ದೇನೆ.

ಆಫೀಸರ್ ಕಪಾಟಿನಿಂದ ನಿನ್ನ ಪಟ್ಟಿಯ ನಕಲು ತೆಗೆದರು. ಇಪ್ಪತ್ತಮೂರನೇ ಮನೆ, ಪದ್ಮಾಕ್ಷಿ, ಅರ್ತಿಂಗ್ ಸರಿ ಉಂಟು.

ನೀನು ಆ ಮನೆಗೆ ಯಾವ ದಿನ ಹೋಗಿದ್ದೆ? ನೆನಪಿದ್ದರೆ ಬರೆ. ಗೇಟು ಯಾವ ಬದಿಗೆ ಉಂಟು, ನಾಯಿ ಇತ್ತಾ, ಅಷ್ಟು ಬರೆದರೂ ಸಾಕು.

ಅಪ್ಪ


ಮೂಡುಬಿದಿರೆ
19 ಜೂನ್ 2025

ಅಪ್ಪಾ,

ನಲವತ್ತು ಮನೆಯಲ್ಲಿ ಅದು ಯಾವುದೆಂದು ನೆನಪಿಲ್ಲ. ಪರೀಕ್ಷೆ ಶುರುವಾಗಿದೆ. ಅವರಿಗೆ ಬೇಗ ಗುಣವಾಗಲಿ.

ದೀಪಶ್ರೀ


ವಾಮದಪದವು
11 ಜುಲೈ 2025

ದೀಪಾ,

ಪರೀಕ್ಷೆ ಸುಲಭ ಇತ್ತೆಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ, ಸಂತೋಷ. ಇಲ್ಲಿ ವಿಶೇಷ ಏನಿಲ್ಲ. ನನ್ನನ್ನು ಸ್ವಲ್ಪ ಸಮಯಕ್ಕೆ ಆಫೀಸಿನ ಒಳಗೆ ಹಾಕಿದ್ದಾರೆ, ಫೋನ್ ತೆಗೆದು ಕಂಪ್ಲೇಂಟ್ ಬರೆದುಕೊಳ್ಳುವ ಕೆಲಸ. ಮೊಣಕಾಲಿಗೆ ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು.

ಪದ್ಮಾಕ್ಷಿಯವರ ಕೈಗೆ ಪ್ಲಾಸ್ಟರ್ ಉಂಟು. ನೀನು ಚೆನ್ನಾಗಿ ಊಟ ಮಾಡು.

ಅಪ್ಪ


ವಾಮದಪದವು
25 ಜುಲೈ 2025

ದೀಪಾ ಮಗಳೇ,

ಅಕ್ಷರ ಅಡ್ಡಾದಿಡ್ಡಿ ಉಂಟು, ಎಡಗೈಯ ಬರಹ. ನಾನು ಪದವಿನ ಜಂಕ್ಷನ್ನಿನ ಧರ್ಣಪ್ಪ ಮಾಮ. ಈ ಕಾಗದ ಬರೆದದ್ದು ನಿನ್ನ ಅಪ್ಪನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಿನ್ನ ಅಪ್ಪನನ್ನು ಆಫೀಸಿನ ಒಳಗೆ ಹಾಕಿದ್ದು ಮೊಣಕಾಲಿಗೆ ಅಲ್ಲ. "ಆ ಇಪ್ಪತ್ತಮೂರನೇ ಮನೆಗೆ ಮಗಳು ಹೋದದ್ದಲ್ಲ, ಅವಳಿಗೆ ಹುಷಾರಿಲ್ಲದ ಕಾರಣ ನಾನು ಹೋಗಿ ನೋಡಿದ್ದು, ನೋಡಿ ತಪ್ಪು ಬರೆಸಿದ್ದು ನಾನು" ಎಂದು ಅವನು ಬರೆದು ಸಹಿ ಹಾಕಿ ಕೊಟ್ಟಿದ್ದಾನೆ. ಮೆಮೊ ಸಿಕ್ಕಿದೆ, ಮೂರು ತಿಂಗಳು ಕಂಬ ಮುಟ್ಟಬಾರದು. ಇಪ್ಪತ್ತಾರು ವರ್ಷದ ಲೈನ್‌ಮ್ಯಾನಿಗೆ ಅರ್ತಿಂಗ್ ನೋಡಲಿಕ್ಕೆ ಬರುವುದಿಲ್ಲವಂತೆ ಎಂದು ಈಗ ಅಂಗಡಿಯಲ್ಲಿ ಕೂತವರು ನಗುತ್ತಾರೆ. ಅವನು ಚಾ ಕುಡಿಯಲಿಕ್ಕೆ ಬರುವುದನ್ನೇ ಬಿಟ್ಟಿದ್ದಾನೆ.

ಪ್ರತೀ ಆದಿತ್ಯವಾರ ನಿನ್ನ ಪಟ್ಟಿಯ ಮನೆಗಳಿಗೆ ಒಬ್ಬನೇ ಹೋಗುತ್ತಾನೆ. ಆ ಇಪ್ಪತ್ತಮೂರನೆಯದು ಬಿಟ್ಟು ಹದಿನೇಳು ಮನೆ ಆಗಿದೆ, ಐದರಲ್ಲಿ ಅರ್ತಿಂಗ್ ಇಲ್ಲ. ಯಾರಲ್ಲೂ "ನನ್ನ ಮಗಳು ಬಂದಿದ್ದಳಾ" ಎಂದು ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂದು ನಾನು ಒಮ್ಮೆ ವಿಚಾರಿಸಿದೆ. "ಕೇಳಿದರೆ ಅವರು ಹೇಳ್ತಾರಲ್ಲ ಧರ್ಣಪ್ಪಣ್ಣ" ಎಂದ.

ಇನ್ನು ನನ್ನ ಬಲಗೈಯ ಕಥೆ. ಕರೆಂಟ್ ಹೊಡೆದು ಹೋಯಿತು ಎಂದು ಮಾತ್ರ ನಿನಗೆ ಗೊತ್ತು. ನೀನು ಆಗ ಏಳು ವರ್ಷದವಳು, ನಾನೂ ನಿನ್ನ ಅಪ್ಪನ ಜೊತೆ ಲೈನ್‌ಮ್ಯಾನ್ ಆಗಿದ್ದೆ. ಎಲ್‌ಸಿ ತೆಗೆದದ್ದು ನಾನು. ನಿನ್ನ ಅಪ್ಪ ಕೆಳಗಿದ್ದ. ಮಳೆ ಬರುವ ಹಾಗಿತ್ತು, ಒಂದು ಮನೆಯಲ್ಲಿ ಮದುವೆ, ಜನ ಕರೆಂಟಿಗೆ ಕಾಯುತ್ತಿದ್ದರು. ಕಂಬದ ಬುಡದಲ್ಲಿ ನಾನು ಬಿಡುವ ಚಪ್ಪಲಿ ಅವನಿಗೆ ಕಾಣಲಿಲ್ಲ. ನಾನು ಇಳಿದು ಹೋದೆ ಎಂದುಕೊಂಡ. ನಾನು ಅದನ್ನು ಹಾಕಿಕೊಂಡು ಆಚೆ ಕಂಬಕ್ಕೆ ಹೋಗಿ ಹತ್ತಿದ್ದೆ. ನನಗೆ ಉಪಕಾರ ಆಗಲಿ ಎಂದು ಅವನೇ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ನನ್ನ ಎಲ್‌ಸಿ ರಿಟರ್ನ್ ಮಾಡಿದ. ಲೈನ್ ಚಾರ್ಜ್ ಆಯಿತು.

ಮೋಸಕ್ಕೆ ಮಾಡಿದ್ದಲ್ಲ, ಪ್ರೀತಿಗೆ ಮಾಡಿದ್ದು. ಆದರೆ ವಿಚಾರಣೆಯ ದಿನ ಅವನು ಎಲ್ಲರ ಎದುರು ನಿಂತು, "ರಿಟರ್ನ್ ಮಾಡಿದ್ದು ನಾನು" ಎಂದ. ಅಷ್ಟು ಹೇಳದಿದ್ದರೆ ತಪ್ಪು ನನ್ನದೇ ಎಂದು ಬರೆದು ಫೈಲ್ ಮುಚ್ಚುತ್ತಿದ್ದರು. ಅದಕ್ಕೇ ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಮಗಳೇ, ಈಗ ಅವನು ಎರಡನೇ ಸಲ ಬೇರೆಯವರ ಎಲ್‌ಸಿ ರಿಟರ್ನ್ ಮಾಡಿದ್ದಾನೆ. ಲೈನಿನಲ್ಲಿ ಇನ್ನೂ ಇಪ್ಪತ್ತೆರಡು ಮನೆಯ ಜನ ಇದ್ದಾರೆ. ನಾನು ಬೇರೆ ಏನೂ ಹೇಳುವುದಿಲ್ಲ.

ಧರ್ಣಪ್ಪ ಮಾಮ


ಮೂಡುಬಿದಿರೆ
1 ಆಗಸ್ಟ್ 2025

ಅಪ್ಪಾ,

ಫೆಬ್ರವರಿಯಲ್ಲಿ ಕಾಗದ ಬರೆದದ್ದು ನಿಮ್ಮ ಫೋನ್ ಬ್ಯುಸಿ ಎಂದಲ್ಲ. ನಾವು ಮಾತಾಡುವುದು ತುಳು. ತುಳುವಿನಲ್ಲಿ ನಿಮಗೆ ಸುಳ್ಳು ಹೇಳಲು ನನ್ನ ನಾಲಗೆ ತಿರುಗುವುದಿಲ್ಲ. ಕನ್ನಡದಲ್ಲಿ ಬರೆದರೆ ಶಾಲೆಯ ಉತ್ತರಪತ್ರಿಕೆಯ ಹಾಗೆ, ಯಾರೋ ಬೇರೆಯವಳು ಬರೆದ ಹಾಗೆ ಆಗುತ್ತದೆ. ಈಗ ನಿಜವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ತುಳುವಿನಲ್ಲಿ ಹೇಳುವಷ್ಟು ಧೈರ್ಯವೂ ಇಲ್ಲ.

ನಾನು ಒಂದು ಮನೆಗೂ ಹೋಗಿಲ್ಲ.

ಸರಿಯಾಗಿ ಹೇಳಬೇಕೆಂದರೆ ಒಂದು ಮನೆಯ ಗೇಟಿನವರೆಗೆ ಹೋಗಿದ್ದೆ. ಪಟ್ಟಿಯ ಮೊದಲನೇ ಮನೆ. ಅಂಗಳದಲ್ಲಿ ನನ್ನ ಕ್ಲಾಸಿನ ಮೋಕ್ಷಿತಾ ನಿಂತಿದ್ದಳು, ಅದು ಅವಳ ಅತ್ತೆಯ ಮನೆಯಂತೆ. ಒಳಗಿನಿಂದ ಅವಳ ಅತ್ತೆ ಬಂದು ನನ್ನನ್ನು ನೋಡಿ, "ಓ, ಇವಳು ನಮ್ಮ ಲೈನ್‌ಮ್ಯಾನ್ ಶೀನಪ್ಪನ ಮಗಳಲ್ವಾ? ನಿನಗೂ ಕಂಬ ಹತ್ತಲಿಕ್ಕೆ ಬರ್ತದಾ ಮಗಾ?" ಎಂದು ನಕ್ಕರು. ಕೆಟ್ಟ ನಗು ಅಲ್ಲ. ಆದರೆ ಕ್ಲಾಸಿನಲ್ಲಿ ನಾನು ನನ್ನ ಅಪ್ಪ ಇಲಾಖೆಯಲ್ಲಿ ಇಂಜಿನಿಯರ್ ಎಂದು ಹೇಳಿದ್ದೆ. ಮೊದಲ ವರ್ಷ ಯಾರೋ ಕೇಳಿದಾಗ ಬಾಯಿಗೆ ಬಂತು, ಮತ್ತೆ ಹಿಂದೆ ತೆಗೆಯಲು ಆಗಲಿಲ್ಲ. ಮೋಕ್ಷಿತಾ ನನ್ನ ಮುಖ ನೋಡಿದಳು. ನಾನು ತಲೆನೋವು ಎಂದು ಹೇಳಿ ಗೇಟಿನಿಂದಲೇ ತಿರುಗಿದೆ. ಉಳಿದ ಐದು ದಿನ ಚಿಕ್ಕಮ್ಮನ ಮನೆಯಲ್ಲಿ ಟಿ.ವಿ. ನೋಡಿದೆ. ನಮ್ಮ ಮನೆಯಿಂದ ತಂದ ನಿಮ್ಮ ಹಳೆಯ ಪಟ್ಟಿಯಿಂದ ಹೆಸರು ಇಳಿಸಿ ನಲವತ್ತು ಸಲ "ಸರಿ ಉಂಟು" ಬರೆದೆ. ಕಾಲು ಗಂಟೆಯೂ ಹಿಡಿಯಲಿಲ್ಲ.

ಎಂಬೆಡೆಡ್ ಆರಿಸಿದ್ದೂ ಇದಕ್ಕೇ. ನನಗೆ ಅದರಲ್ಲಿ ಅಂಥ ಆಸೆ ಏನೂ ಇಲ್ಲ. ಕಂಬ ಇಲ್ಲದ ವಿಷಯ ಬೇಕಿತ್ತು ಅಷ್ಟೆ.

ಜೂನಿನಲ್ಲಿ ನೀವು ಗೇಟು ಯಾವ ಬದಿಗೆ ಎಂದು ಕೇಳಿದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಆ ಕಾಗದ ಹಿಡಿದು ಹಾಸ್ಟೆಲಿನ ಬಚ್ಚಲಿನಲ್ಲಿ ಕುಳಿತಿದ್ದೆ. ನಿಮಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ಆದರೂ "ನೆನಪಿಲ್ಲ" ಎಂದು ಬರೆದೆ. ನೀವು ಕರೆಯುವ ದೀಪಾ ಎಂದು ಹಾಕಲಾಗದೆ, ಶಾಲೆಯ ಹೆಸರು ದೀಪಶ್ರೀ ಎಂದು ಹಾಕಿದೆ. ಅಷ್ಟು ನಾಚಿಕೆಗೆಟ್ಟವಳು.

ನಿಮ್ಮ ಮೆಮೊ ವಿಷಯ ನನಗೆ ತಿಳಿಯಿತು. ಯಾರು ಹೇಳಿದ್ದು ಎಂದು ಕೇಳಬೇಡಿ. ರಶೀನಾ ಮೇಡಮರಿಗೆ ನಿನ್ನೆ ಎಲ್ಲ ಹೇಳಿದ್ದೇನೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕ್ರೆಡಿಟ್ ಹೋದರೆ ಮತ್ತೆ ಪರೀಕ್ಷೆ ಬರೆಯಬಹುದು. ಇದನ್ನು ಯಾವ ಪರೀಕ್ಷೆ ಬರೆದು ಪಾಸ್ ಮಾಡ್ತೀ?" ಎಂದರು. ನಲವತ್ತು ಪಾಯಿಂಟ್ ತೆಗೆದಿದ್ದಾರೆ. ಕ್ಯಾಂಪಸ್ಸಿಗೆ ಕಂಪನಿಗಳು ಬರುವಾಗ ಈ ವರ್ಷ ನನ್ನ ಹೆಸರು ಕೊಡುವುದಿಲ್ಲ. ಎಂಟನೇ ಸೆಮಿಸ್ಟರಿನೊಳಗೆ ಪಾಯಿಂಟ್ ತುಂಬದಿದ್ದರೆ ಡಿಗ್ರಿಯೂ ಇಲ್ಲ.

ಸೋಮವಾರ ಹತ್ತು ಗಂಟೆಗೆ ನಿಮ್ಮ ಆಫೀಸಿಗೆ ಬಂದು ಆಫೀಸರಲ್ಲಿ ನಾನೇ ಹೇಳುತ್ತೇನೆ. ನೀವು ಫೋನಿನ ಮೇಜಿನಲ್ಲಿ ಇರುತ್ತೀರಿ. ದಯವಿಟ್ಟು ನನ್ನ ಮುಖ ನೋಡಬೇಡಿ. ನೋಡಿದರೆ ನಾನು ಮತ್ತೆ ಗೇಟಿನಿಂದಲೇ ತಿರುಗಿಬಿಡುತ್ತೇನೆ.

ದೀಪಶ್ರೀ


ವಾಮದಪದವು
12 ಆಗಸ್ಟ್ 2025

ದೀಪಾ,

ನೀನು ಬಂದೆ. ನಾನು ನೋಡಲಿಲ್ಲ, ಕಂಪ್ಲೇಂಟ್ ಪುಸ್ತಕದಲ್ಲಿ ತಲೆ ಇಟ್ಟುಕೊಂಡಿದ್ದೆ. ಆದರೆ ಆಫೀಸರ ಕೋಣೆಗೂ ನನ್ನ ಮೇಜಿಗೂ ನಡುವೆ ಇರುವುದು ಹಲಗೆಯ ಗೋಡೆ. ಎಲ್ಲ ಕೇಳಿಸಿತು. "ನನ್ನ ಅಪ್ಪ ಲೈನ್‌ಮ್ಯಾನ್, ಅವರು ಆ ಮನೆಗೆ ಹೋಗಿದ್ದರೆ ಅದು ಕಾಣದೆ ಇರುತ್ತಿರಲಿಲ್ಲ" ಎಂದೆಯಲ್ಲ, ಅದೂ ಕೇಳಿಸಿತು. ಆ ಹೊತ್ತಿಗೆ ಎರಡು ಫೋನ್ ಬಂತು. ನಾನು ತೆಗೆಯಲಿಲ್ಲ.

ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯಿತು ಮಗಾ. ಸುಳ್ಳು ಬರೆದದ್ದಕ್ಕಿಂತ, ನನ್ನ ಕೆಲಸದ ಹೆಸರು ಹೇಳಲು ನಿನಗೆ ಬಾಯಿ ಬರಲಿಲ್ಲ ಎಂಬುದಕ್ಕೆ. ಎರಡು ದಿನ ಬೆಳಗ್ಗೆ ಖಾಕಿ ಅಂಗಿ ಹಾಕುವಾಗ ಅದೇ ನೆನಪು. ಒಂದು ಗುಂಡಿ ತಪ್ಪಾಗಿ ಹಾಕಿಕೊಂಡು ಆಫೀಸಿಗೆ ಹೋಗಿದ್ದೆ, ಅಮ್ಮ ನೋಡಿದ್ದು ಸಂಜೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಒಳಗೇ ಕೊಳೆಯುತ್ತದೆ.

ನನ್ನ ಪಾಲಿನದ್ದೂ ಉಂಟು. ಗ್ಯಾರಂಟಿ ಎಂದು ಹೇಳುವ ಮೊದಲು ಒಂದು ಮನೆಗೆ ಹೋಗಿ ನೋಡಬಹುದಿತ್ತು. ನೋಡಲಿಲ್ಲ. ಶಾಕ್ ಹೊಡೆದ ಮೇಲೆ ನಿನ್ನನ್ನು ಕರೆದು ಗದರಬಹುದಿತ್ತು, ಅದೂ ಮಾಡಲಿಲ್ಲ. ನಿನ್ನ ಡಿಗ್ರಿ ಹೋದೀತು ಎಂಬ ಹೆದರಿಕೆಗೆ ಸುಳ್ಳು ಬರೆದುಕೊಟ್ಟೆ. ಧರ್ಣಪ್ಪಣ್ಣನ ಕೈ ಹೋದ ಮೇಲೂ ಬುದ್ಧಿ ಬಾರದವನು ನಾನು. ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಮಗಳಿಗೆ ಅಪ್ಪನ ಬಗ್ಗೆ ಹೆಮ್ಮೆ ಇರಲಿ ಎಂದು. ನೋಡು, ಇಬ್ಬರೂ ಅದನ್ನೇ ಮಾಡಿದ್ದು.

ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನಗೆ ಇನ್ನೊಂದು ಮೆಮೊ ಬಂದಿದೆ. ಇದು ನನ್ನದೇ ಹೆಸರಿನದ್ದು, ಹಾಗಾಗಿ ಹೊರುವುದು ಸುಲಭ.

ಆಫೀಸಿನಿಂದ ಹೊರಗೆ ಹೋಗುವಾಗ, ಪವರ್ ಗುಂಪಿಗೆ ಬದಲಾಯಿಸುತ್ತೇನೆ ಎಂದು ನೀನು ಆಫೀಸರಲ್ಲಿ ಹೇಳಿದೆ. ಹಾಗೆ ಮಾಡಬೇಡ. ಮೊದಲು ನಾಚಿಕೆಗೆ ಒಂದು ಆರಿಸಿದೆ, ಈಗ ನಾಚಿಕೆಗೆ ಇನ್ನೊಂದು ಆರಿಸುವುದಾ? ಅದು ಪ್ರಾಯಶ್ಚಿತ್ತಕ್ಕೆ ಓದುವ ವಿಷಯ ಅಲ್ಲ. ಪ್ರಶ್ನೆ ಹುಟ್ಟಿದರೆ ಹಿಡಿ, ಇಲ್ಲದಿದ್ದರೆ ಇದ್ದದ್ದರಲ್ಲಿ ಇರು.

ನಿನಗೆ ಟೆಸ್ಟ್ ಲ್ಯಾಂಪ್ ಕಳಿಸಿದ್ದೇನೆ, ಹೋಲ್ಡರು, ಬಲ್ಬು, ಎರಡು ವಯರು. ಫೇಸಿಗೂ ಅರ್ತಿಗೂ ಹಿಡಿದರೆ ಬಲ್ಬು ಪೂರ್ತಿ ಉರಿಯಬೇಕು. ಮಂಕಾದರೆ ಸರಿ ಇಲ್ಲ. ರಬ್ಬರ್ ಚಪ್ಪಲಿ ಹಾಕಿಕೋ.

ಅಪ್ಪ, ಲೈನ್‌ಮ್ಯಾನ್


ಮೂಡುಬಿದಿರೆ
5 ನವೆಂಬರ್ 2025

ಅಪ್ಪಾ,

ನಲವತ್ತು ಮನೆ ಮುಗಿಯಿತು. ಹನ್ನೆರಡು ಆದಿತ್ಯವಾರ ಹಿಡಿಯಿತು. ಹನ್ನೊಂದು ಮನೆಯಲ್ಲಿ ಅರ್ತಿಂಗ್ ಇಲ್ಲ, ಆರರಲ್ಲಿ ಇದ್ದೂ ಇಲ್ಲದ ಹಾಗೆ. ಮರುದಿನವೇ ಆಫೀಸಿಗೆ ಫೋನ್ ಮಾಡಿ ಬರೆಸಿದ್ದೇನೆ, ನಿಮಗೆ ಗೊತ್ತುಂಟು, ಬರೆದುಕೊಂಡದ್ದು ನೀವೇ. ಪ್ರತೀ ಮನೆಯಲ್ಲಿ ಮೊದಲು ಹೇಳಿದ್ದು ಒಂದೇ, "ನಾನು ಲೈನ್‌ಮ್ಯಾನ್ ಶೀನಪ್ಪನ ಮಗಳು. ಹಿಂದೆ ನಿಮ್ಮ ಮನೆಗೆ ಬಾರದೆ ಬಂದಿದ್ದೇನೆಂದು ಬರೆದಿದ್ದೆ." ಕೆಲವರು ನಕ್ಕರು. ಒಬ್ಬರು ಬಾಗಿಲು ಹಾಕಿದರು. ಮೂರನೇ ಸಲ ಹೋದಾಗ ತೆಗೆದರು. ಮೊದಲನೇ ಮನೆಗೆ ಮೋಕ್ಷಿತಾ ತಾನಾಗಿ ಬಂದು ಬಲ್ಬು ಹಿಡಿದಳು. "ನನಗೆ ಆವತ್ತೇ ಗೊತ್ತಿತ್ತು, ನೀನೇ ಹೇಳ್ಲಿ ಅಂತ ಸುಮ್ಮನಿದ್ದೆ" ಎಂದಳು.

ಇಪ್ಪತ್ತಮೂರನೇ ಮನೆಯನ್ನು ಕೊನೆಗೆ ಇಟ್ಟಿದ್ದೆ. ಮೂರು ವಾರ ಅದರ ಎದುರಿನಿಂದ ಹಾದುಹೋದೆ. ಗೇಟು ಹೊಳೆಯ ಬದಿಗೆ ಉಂಟು ಅಪ್ಪಾ. ನಾಯಿ ಇಲ್ಲ.

ಮೊನ್ನೆ ಆದಿತ್ಯವಾರ ಒಳಗೆ ಹೋದೆ. ಪದ್ಮಾಕ್ಷಿಯಕ್ಕ ಹಿತ್ತಲಿನ ಕಲ್ಲಿನ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ನಾನು ಯಾರು, ಏನು ಮಾಡಿದ್ದು ಎಂದು ನಿಂತಲ್ಲೇ ಹೇಳಿದೆ. ಅವರು ಸೋಪು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

"ನಿನ್ನ ಅಪ್ಪ ಬಂದು, ನೋಡಿದ್ದು ನಾನೇ, ತಪ್ಪಾಯ್ತು ಅಂತ ಕೈ ಮುಗಿದ. ಶೀನಪ್ಪಣ್ಣ ನೋಡಿದ್ದರೆ ಈ ವಯರು ಕಾಣದೆ ಹೋಗ್ತದಾ? ನನಗೆ ಆಗಲೇ ಗೊತ್ತಿತ್ತು. ಯಾರಿಗಾಗಿ ಹೇಳಿದ ಅಂತ ಗೊತ್ತಿರ್ಲಿಲ್ಲ." ಮತ್ತೆ ಬಲಗೈ ತೋರಿಸಿದರು. "ಇದರಲ್ಲಿ ಹಿಂಡ್ಲಿಕ್ಕೆ ಆಗುವುದಿಲ್ಲ. ಬಂದವಳು ಆ ಬಟ್ಟೆ ಹಿಂಡಿ ಹಾಕು."

ಎರಡು ಬಕೆಟ್ ಬಟ್ಟೆ ಹಿಂಡಿದೆ. ನಡುವೆ ಅವರು ಕೇಳಿದರು, "ನನಗೆ ಕರೆಂಟ್ ಹೊಡೆಯುವಾಗ ಮನೆಯ ಫ್ಯೂಸ್ ಯಾಕೆ ಹೋಗಲಿಲ್ಲ ಮಗಾ? ಲೈಟೆಲ್ಲ ಉರಿಯುತ್ತಲೇ ಇತ್ತಲ್ಲ." ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದಿದ್ದೆ. ಮನುಷ್ಯ ಸಾಯಲು ಸಾಕಾಗುವ ಕರೆಂಟು ಫ್ಯೂಸಿಗೆ ಲೆಕ್ಕಕ್ಕೇ ಇಲ್ಲ. ಆ ಹೆಂಗಸಿನ ಮುಖ ನೋಡಿ ಅದನ್ನು ಹೇಳುವುದು ಹೇಗೆ? ಆರು ಸೆಮಿಸ್ಟರ್ ಓದಿದವಳು ಅಷ್ಟು ಸಣ್ಣವಳಾಗಿ ನಿಂತದ್ದು ಅದೇ ಮೊದಲು. ಹಾಸ್ಟೆಲಿಗೆ ಬಂದ ಮೇಲೂ ಅದೇ ಪ್ರಶ್ನೆ. ಅಷ್ಟು ಸಣ್ಣ ಕರೆಂಟನ್ನು ಹಿಡಿಯುವ ಸ್ವಿಚ್ಚು ಉಂಟು, ಅದು ಎಲ್ಲ ಮನೆಯಲ್ಲಿ ಯಾಕಿಲ್ಲ? ಏಳನೇ ಸೆಮಿಸ್ಟರಿಗೆ ತಡವಾಯಿತು. ಎಂಟನೆಯದ್ದಕ್ಕೆ ಪ್ರೊಟೆಕ್ಷನ್ ವಿಷಯ ಬರೆದುಕೊಟ್ಟಿದ್ದೇನೆ. ಇದು ನಾಚಿಕೆಗೆ ಅಲ್ಲ ಎಂದು ಪೂರ್ತಿ ಹೇಳಲಾರೆ. ಪ್ರಶ್ನೆ ಮಾತ್ರ ನಿಜವಾಗಿ ಹುಟ್ಟಿದೆ.

ಜೂನಿನಲ್ಲೇ ನೀವು ಪೈಪು ಹುಗಿದು ಕೊಟ್ಟರೂ ಅವರು ಆ ಮೆಷಿನ್ ಮುಟ್ಟಿರಲಿಲ್ಲ. ಮೇಲೆ ಒಂದು ಗೋಣಿ ಹೊದೆಸಿ ಇಟ್ಟಿದ್ದರು. ನಾನು ಬಲ್ಬು ಹಿಡಿದೆ, ಪೂರ್ತಿ ಉರಿಯಿತು. ಪೆನ್ನು ತೆಗೆದು "ಸರಿ" ಎಂದು ಬರೆಯುವಷ್ಟರಲ್ಲಿ, "ನಿಲ್ಲು" ಎಂದರು. "ಬರೆಯುವ ಮೊದಲು ನೀನು ಮುಟ್ಟಿ ತೋರಿಸು. ಚಪ್ಪಲಿ ತೆಗೆದು. ನಾನು ನಿಂತಲ್ಲೇ ನಿಂತು."

ಕಲ್ಲಿನ ಮೇಲೆ ಒಂದು ಚೊಂಬು ನೀರು ಹೊಯ್ದರು. ಮೆಷಿನ್ನಿನ ಸ್ವಿಚ್ಚು ಹಾಕಿದರು. ನೀವು ಹೇಳಿದ ರಬ್ಬರ್ ಚಪ್ಪಲಿಯನ್ನು ಕಲ್ಲಿನ ಬುಡದಲ್ಲಿ ಬಿಟ್ಟೆ. ಬಲ್ಬು ಉರಿದದ್ದು ಕಣ್ಣಾರೆ ನೋಡಿದ್ದೆ. ಆದರೂ ಅಪ್ಪಾ, ಕೈ ಮುಂದೆ ಹೋಗಲಿಲ್ಲ. ನಾನು ಕಾಲು ಗಂಟೆಯಲ್ಲಿ ನಲವತ್ತು ಸಲ ಬರೆದ ಮಾತಿನ ಮೇಲೆ ಇವರು ಬರಿಗಾಲಲ್ಲಿ ನಿಂತಿದ್ದರು. ಅದು ನನಗೆ ತಿಳಿದದ್ದು ಆ ಒದ್ದೆ ಕಲ್ಲಿನ ಮೇಲೆ.

ಮುಟ್ಟಿದೆ. ಮೆಷಿನ್ ತಣ್ಣಗಿತ್ತು. ಅವರು ಹತ್ತಿರ ಬಂದು, ಮೊದಲು ನನ್ನ ಭುಜ ಮುಟ್ಟಿದರು. ಆಮೇಲೆ ಸುಟ್ಟ ಬೆರಳುಗಳನ್ನು ಮೆಷಿನ್ನಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು, "ಇನ್ನು ಬರೆ" ಎಂದರು.

ಭರಣಿ ತೊಳೆದು ಇಟ್ಟಿದ್ದೇನೆ. ಹಕೀಮಣ್ಣನ ಕೈಯಲ್ಲಿ ಕಳಿಸುವುದಿಲ್ಲ, ಶನಿವಾರ ಐದೂವರೆಯ ಬಸ್ಸಿಗೆ ನಾನೇ ತರುತ್ತೇನೆ. ತಲೆ ಎತ್ತಿ ಬರುತ್ತೇನೆ ಎಂದು ಹೇಳಲಾರೆ, ಬರುತ್ತೇನೆ. ಜಂಕ್ಷನ್ನಿನಲ್ಲಿ ಇಳಿದು ಮೊದಲು ಧರ್ಣಪ್ಪ ಮಾಮನ ಅಂಗಡಿಗೆ ಹೋಗುವ, ನೀವೂ ಅಲ್ಲಿಗೆ ಬನ್ನಿ, ಎಲ್ಲರ ಎದುರಿಗೆ ಒಟ್ಟಿಗೆ ಚಾ ಕುಡಿಯುವ.

ಇಪ್ಪತ್ತಮೂರನೇ ಮನೆ. ಎಲ್‌ಸಿ ತೆಗೆದವಳು ದೀಪಶ್ರೀ, ರಿಟರ್ನ್ ಮಾಡುವವಳೂ ದೀಪಶ್ರೀ. ಜನ ಇಳಿದಿದ್ದಾರೆ. ಸಾಮಾನು ತೆಗೆದಿದ್ದೇನೆ.

ಲೈನ್‌ಮ್ಯಾನ್ ಶೀನಪ್ಪನ ಮಗಳು,
ದೀಪಶ್ರೀ